ವರ್ಲ್ ಹ್ಯಾಡ್ಲಾಕನ ಐಸ್‌ಕ್ರೀಮ್ ದಂಡ

ಆ ಬೇಸಿಗೆಯೆಲ್ಲ ಮಾರ್ಲಿ ಸ್ಟಾಡರ್ಡ್ ಕತ್ತೆ ಚಾಕರಿ ಮಾಡಿದಳು. ವಾರವಿಡೀ ಜೆರೋಮ್ ಊರಿನ ಚೀಸ್ ಕಾರ್ಖಾನೆಯಲ್ಲಿ ದುಡಿದು, ರಜೆ ಸಿಕ್ಕ ದಿನ ಪಕ್ಕದೂರು ಟ್ವಿನ್ ಫಾಲ್ಸಿನ ದೊಡ್ಡ ಸೇತುವೆಯ ಕೆಳಗೆ, ಸ್ನೇಕ್ ನದಿಯಲ್ಲಿ ದೋಣಿ ನಡೆಸುತ್ತಿದ್ದಳು. ಸೇತುವೆಯಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದವರು ದಡದಲ್ಲಿ ಇಳಿಯಬೇಕು. ಲೆಕ್ಕ ತಪ್ಪಿದವರು ನೀರಿಗೆ ಬೀಳುತ್ತಾರೆ. ಅವರನ್ನು ನೆಂದ ಬೆಕ್ಕುಗಳ ಹಾಗೆ ಕತ್ತುಪಟ್ಟಿ ಹಿಡಿದು ದೋಣಿಗೆ ಎಳೆದು ಹಾಕುವುದು ಅವಳ ಪಾಲಿನ ಕೆಲಸ. ಅಷ್ಟು ಮಾಡಿದರೂ ಒಬ್ಬನೂ ಉಪಕಾರ ನೆನೆಯುತ್ತಿರಲಿಲ್ಲ. ಸೆಕೆಯಿತ್ತು, ಬೇಕೆಂದೇ ನೀರಿಗಿಳಿದೆ ಎಂದು ಹಲ್ಲು ಕಡಕಡಿಸುತ್ತಲೇ ವಾದಿಸುತ್ತಿದ್ದರು.

ಅವಳಿಗೂ ಜಿಗಿಯಬೇಕಿತ್ತು. ವಿಮಾನದಿಂದ ಇನ್ನೂರಕ್ಕೂ ಹೆಚ್ಚು ಸಲ ಜಿಗಿದವಳು. ಆದರೆ ವಿಮಾನದ ಮಾತೇ ಬೇರೆ. ಅಲ್ಲಿ ಎತ್ತರವಿದೆ, ಯೋಚಿಸಲು ಸಮಯವಿದೆ, ಒಂದು ಪ್ಯಾರಾಚೂಟ್ ಕೈಕೊಟ್ಟರೆ ಬೆನ್ನಲ್ಲಿ ಇನ್ನೊಂದಿದೆ. ಸೇತುವೆಯಿಂದ ಜಿಗಿಯುವವರಿಗೆ ಇರುವುದೊಂದೇ. ಆದ್ದರಿಂದ ಮೊದಲ ಜಿಗಿತಕ್ಕೆ ಹಿಂದೊಬ್ಬರು ನಿಂತು, ದೊಡ್ಡದನ್ನು ಎಳೆದು ಬಿಚ್ಚಲೆಂದು ಪಟ್ಟಿಯಿಂದ ಅದಕ್ಕೆ ಜೋಡಿಸಿದ ಮರಿ ಪ್ಯಾರಾಚೂಟನ್ನು ಕೈಯಲ್ಲಿ ಹಿಡಿದಿರುತ್ತಾರೆ. ಜಿಗಿದವಳ ಭಾರಕ್ಕೆ ಪಟ್ಟಿ ಬಿಗಿದು, ಬೆನ್ನಿನ ಚೀಲದಿಂದ ದೊಡ್ಡದು ಹೊರಬಂದ ಗಳಿಗೆಯಲ್ಲಿ ಕೈ ಬಿಡಬೇಕು. ಮುಂಚೆ ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ.

ಆ ಕೆಲಸಕ್ಕೆ ಇಡೀ ಊರಲ್ಲಿ ವರ್ಲ್ ಹ್ಯಾಡ್ಲಾಕನಿಗೆ ಸಮ ಇನ್ನೊಬ್ಬನಿರಲಿಲ್ಲ. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಮಕ್ಕಳ ಗಲಾಟೆ ಕೇಳಿ ಕೇಳಿ ಅವನಿಗೆ ಸಾವಿನ ಭಯ ಹೋಯಿತೆಂದು ಅವನ ಹೆಂಡತಿ ಹೇಳುತ್ತಿದ್ದಳು. ಚರ್ಚಿನ ಮನುಷ್ಯ, ಕಾಫಿ ಕುಡಿಯುವುದಿಲ್ಲ, ಬಿಯರ್ ಮುಟ್ಟುವುದಿಲ್ಲ, ಭಾನುವಾರ ಜಿಗಿಯುವುದಿಲ್ಲ. ಜಿಗಿಯುವವರಲ್ಲಿ ಎಲ್ಲ ಕಡೆಯೂ ಒಂದು ಪದ್ಧತಿಯಿದೆ: ಯಾರು ಏನನ್ನೇ ಮೊದಲ ಸಲ ಮಾಡಲಿ, ಉಳಿದವರಿಗೆ ಬಿಯರ್ ಕುಡಿಸಬೇಕು. ವರ್ಲ್‌ನ ಗುಂಪಿನಲ್ಲಿ ಮಾತ್ರ ಆ ದಂಡ ಹಕಲ್‌ಬೆರಿ ಎಂಬ ಕಾಡುಹಣ್ಣಿನ ಐಸ್‌ಕ್ರೀಮ್. ಹೊರಗಿನಿಂದ ಬಂದ ಗಡ್ಡದ ಗಂಡಸರು ಕೋನು ಹಿಡಿದು, ನೇರಳೆ ಬಣ್ಣದ ಮೀಸೆಯೊಂದಿಗೆ ಅವನನ್ನು ಶಪಿಸುವುದು ಮಾರ್ಲಿಗೆ ನೋಡಲು ಬಲು ಇಷ್ಟ.

ಅವಳು ಮಾತ್ರ ಇನ್ನೂ ಯಾವ ದಂಡವನ್ನೂ ಕಟ್ಟಿರಲಿಲ್ಲ. ಶಿಷ್ಯೆಯಾದವಳಿಗೆ ವರ್ಲ್ ಕೊಟ್ಟದ್ದು ಇಷ್ಟೇ: ಪ್ಯಾರಾಚೂಟ್ ಮಡಿಸು, ಬಿಚ್ಚು, ಮತ್ತೆ ಮಡಿಸು, ದೋಣಿ ಹತ್ತು. ಯಾವಾಗ ಕೇಳಿದರೂ ವರ್ಲ್‌ನದು ಒಂದೇ ಉತ್ತರ: "ನಾಳೆ." ದೆವ್ವವನ್ನು ಓಡಿಸಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

"ಇನ್ನೆಷ್ಟು ದಿನ ವರ್ಲ್? ಚಳಿಗಾಲ ಬಂದೇ ಬಿಡ್ತಲ್ಲ!"

"ಸೇತುವೆ ಎಲ್ಲಿಗೂ ಓಡಿ ಹೋಗಲ್ಲ ಕಣಮ್ಮ. ದೋಣಿಗೆ ಪೆಟ್ರೋಲ್ ಹಾಕಿದ್ಯಾ?"

ಹೀಗಿರುವಾಗ ಒಂದು ಭಾನುವಾರ ಡಕೋಟ ಪ್ರೈಸ್ ಸಿಕ್ಕಿದ. ನೆವಾಡದಿಂದ ಬಂದವನು. ಜಿಗಿದದ್ದು ನಲವತ್ತು ಸಲವಾದರೂ ಮಾತು ಸಾವಿರ ಸಲ ಜಿಗಿದವನದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಹಾಗೆ, ಮಲಗುವುದು ಹಳೇ ವ್ಯಾನಿನಲ್ಲಿ, ತಲೆಯ ಮೇಲೆ ಮಾತ್ರ ಎರಡು ಕ್ಯಾಮೆರಾ.

"ಆ ಮುದುಕನ್ನ ನಂಬ್ಕೊಂಡ್ರೆ ನೀನು ಜಿಗಿಯೋದು ಗೋರಿಗೇ" ಎಂದ. "ಬಾ, ನಾನು ಹಿಡೀತೀನಿ. ಐದು ನಿಮಿಷದ ಕೆಲ್ಸ."

ವರ್ಲ್ ಚರ್ಚಿನಲ್ಲಿದ್ದ. ಗಾಳಿ ಸತ್ತಂತಿತ್ತು. ಮಾರ್ಲಿಯ ಹೊಟ್ಟೆಯಲ್ಲಿ ಬೇಸಿಗೆಯಿಂದ ಕೂಡಿಟ್ಟ ಸಿಟ್ಟಿತ್ತು. ಪ್ಯಾರಾಚೂಟ್ ಕಟ್ಟಿಕೊಂಡು ಸೇತುವೆಯ ನಡುವಿಗೆ ನಡೆದು, ಕಂಬಿ ದಾಟಿ ಅಂಚಿನಲ್ಲಿ ನಿಂತೇ ಬಿಟ್ಟಳು. ಕೆಳಗೆ ನದಿ ಹಸಿರಾಗಿ, ಏನೂ ಗೊತ್ತಿಲ್ಲದವರ ಹಾಗೆ ಹರಿಯುತ್ತಿತ್ತು. ಪ್ರವಾಸಿಗಳು ಫೋನ್ ಹಿಡಿದು ಸಾಲಾಗಿ ನಿಂತರು.

ವರ್ಲ್ ಒಂದು ಅಭ್ಯಾಸವನ್ನು ಅವಳ ನಾಲಿಗೆಗೆ ಅಂಟಿಸಿದ್ದ. ಜಿಗಿಯುವ ಮುಂಚೆ ಹಿಂದಿರುವವನನ್ನು ಕೇಳಬೇಕು, ಅವನು ಜೋರಾಗಿ ಉತ್ತರಿಸಬೇಕು. ನೆಲದ ಮೇಲೆ ಎಷ್ಟು ಸಲ ಹೇಳಿದ್ದಳೋ, ಬಾಯಿ ತಾನಾಗಿ ಕೇಳಿತು.

"ಯಾರ ಕೈಲಿದೆ?"

"ನನ್ನ ಕೈಲಿ!" ಎಂದ ಡಕೋಟ. "ಪ್ರಾಣ ಹೋದ್ರೂ ಬಿಡಲ್ಲ!"

ಮಾರ್ಲಿ ತಿರುಗಿ ನೋಡಿದಳು. ಒಂದು ಕೈಯಲ್ಲಿ ಫೋನ್ ಹಿಡಿದು ಅವಳನ್ನು ಚಿತ್ರೀಕರಿಸುತ್ತಿದ್ದ. ಮರಿ ಪ್ಯಾರಾಚೂಟ್ ಜಾರದಿರಲೆಂದು ಅದರ ಪಟ್ಟಿಯನ್ನು ಇನ್ನೊಂದು ಕೈಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಅವಳು ಜಿಗಿದಿದ್ದರೆ ಕೈ ಬಿಡಬೇಕಾದ ಗಳಿಗೆಯಲ್ಲಿ ಅದು ಬಿಡುತ್ತಿರಲಿಲ್ಲ. ಅವಳ ಹಿಂದೆಯೇ ಅವನೂ, ಅವನ ಫೋನೂ, ಎರಡು ಕ್ಯಾಮೆರಾಗಳೂ ಬರುತ್ತಿದ್ದವು.

"ಬಿಡಲ್ವಾ? ಲೋ ಪುಣ್ಯಾತ್ಮ, ಬಿಡೋದಕ್ಕೇ ಕಣೋ ನಿನ್ನ ನಿಲ್ಸಿರೋದು!"

ಕಂಬಿ ದಾಟಿ ವಾಪಸ್ಸು ಬಂದಳು. ಪ್ರವಾಸಿಗಳು ಕೂಗಿ ಹಂಗಿಸಿದರು. ಮೊಮ್ಮಗನನ್ನು ಎತ್ತಿಕೊಂಡಿದ್ದ ಅಜ್ಜಿಯೊಬ್ಬಳು, "ಹೆದ್ರುಪುಕ್ಲಿ! ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ವಿ!" ಎಂದು ರೇಗಿದಳು. ಸೇತುವೆಯುದ್ದಕ್ಕೂ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ತುದಿಯ ಹುಲ್ಲುಹಾಸಿನಲ್ಲಿ, ಚರ್ಚಿನಿಂದ ಟೈ ಸಮೇತ ಬಂದ ವರ್ಲ್, ಮಡಿಲಲ್ಲಿ ಅಲ್ಲಿನ ಊಟದ ಆಲೂಗಡ್ಡೆ ಪಾತ್ರೆಯಿಟ್ಟುಕೊಂಡು ಚಮಚದಲ್ಲಿ ತಿನ್ನುತ್ತಾ ಕೂತಿದ್ದ. ಎಲ್ಲವನ್ನೂ ನೋಡಿದ್ದ.

ಮಾರ್ಲಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ತಪ್ಪಾಯ್ತು. ವಾಪಸ್ ಬಂದೆ, ಮೊದಲ ಸಲ" ಎಂದಳು. "ಐಸ್‌ಕ್ರೀಮ್ ಕೊಡಿಸ್ತೀನಿ."

"ಬೇಡ. ಮೂರ್ಖನಿಗೆ ಬೇಡ ಅನ್ನೋದು ದೊಡ್ಡ ವಿಷಯ ಏನಲ್ಲ. ಅದನ್ನ ನಮ್ಮನೆ ನಾಯೀನೂ ಮಾಡುತ್ತೆ." ಚಮಚ ನೆಕ್ಕಿ ಎದ್ದ. "ನಾಳೆ ಬೆಳಿಗ್ಗೆ ಬಾ. ಗಾಳಿ ಏಳೋಕೆ ಮುಂಚೆ."

ಈ ನಾಳೆಗೆ ಬೆಳಿಗ್ಗೆ ಎಂಬ ಬಾಲವಿತ್ತು. ಮಾರ್ಲಿ ಕಾರ್ಖಾನೆಗೆ ಫೋನ್ ಮಾಡಿ, ಹೊಟ್ಟೆ ಸರಿಯಿಲ್ಲ ಎಂದು ರಜೆ ಹಾಕಿದಳು. ರಾತ್ರಿಯಾಗುವಷ್ಟರಲ್ಲಿ ಅದು ನಿಜವೂ ಆಯಿತು.

ಬೆಳಿಗ್ಗೆ ಸೇತುವೆಯ ಮೇಲೆ ಇದ್ದವರು ಇಬ್ಬರೇ. ಗಾಳಿ ನೋಡಲೆಂದು ವರ್ಲ್ ಕಂಬಿಗೆ ಕಟ್ಟಿದ್ದ ರಿಬ್ಬನ್ ಅಲುಗಾಡದೆ ಜೋತುಬಿದ್ದಿತ್ತು. ಅವನು ಅವಳ ಕಾಲಿನ ಪಟ್ಟಿಯಿಂದ ಎದೆಯ ಪಟ್ಟಿಯವರೆಗೆ ಒಂದೊಂದನ್ನೂ ಎಳೆದು ನೋಡಿ, ಮರಿ ಪ್ಯಾರಾಚೂಟನ್ನು ಎರಡು ಬೆರಳಲ್ಲಿ ಹೂವು ಹಿಡಿದ ಹಾಗೆ ಹಿಡಿದ. ಅವಳು ಅಂಚಿನಲ್ಲಿ ನಿಂತಳು.

"ಯಾರ ಕೈಲಿದೆ?"

"ನನ್ನ ಕೈಲಿ. ಬಿಡ್ತೀನಿ. ರಿಬ್ಬನ್ ಮಲಗಿದೆ. ಹೊರಡು ಮಗಳೇ."

ಮಗಳೇ ಎಂದು ಅವನು ಯಾವತ್ತೂ ಕರೆದಿರಲಿಲ್ಲ. ಜಿಗಿಯಲು ಅವಳ ಮೊಣಕಾಲು ಬಾಗಿತ್ತು. ಆಗ ಕಣ್ಣು ಕೆಳಗೆ ಹೋಯಿತು. ನದಿಯ ತಿರುವಿನಾಚೆ ನೀರು ಸುಕ್ಕುಗಟ್ಟಿತ್ತು. ಬೇಸಿಗೆಯೆಲ್ಲ ಆ ದೋಣಿಯಲ್ಲಿ ಕೂತು ಬೈದುಕೊಂಡವಳಿಗೆ ಆ ಸುಕ್ಕು ಗೊತ್ತಿತ್ತು. ಅದು ಅಲ್ಲಿ ಕಂಡ ಸ್ವಲ್ಪ ಹೊತ್ತಿಗೆಲ್ಲ ಟೋಪಿ ಹಾರಿಸುವ ಗಾಳಿ ಇಲ್ಲಿಗೆ ಬರುತ್ತದೆ. ಆದರೆ ಹಿಂದೆ ನಿಂತವನು ವರ್ಲ್. ಇಷ್ಟು ತಿಂಗಳು ಕಾಯಿಸಿ, ಕೊನೆಗೂ ಹೊರಡು ಎಂದವನು. ಡಕೋಟನಿಗೆ ಬೇಡ ಎನ್ನುವಾಗ ಎದ್ದ ನಾಲಿಗೆ ಈಗ ಅಂಟಿಕೊಂಡಿತು. ಇವನೆದುರು ಹಿಂದೆ ಸರಿದರೆ ಇನ್ನೊಂದು 'ನಾಳೆ' ಎಂದಾದರೂ ಬರುವುದೋ ಇಲ್ಲವೋ.

"ವರ್ಲ್, ಬೇಡ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೂಗಿದಳು, "ಬೇಡ! ಗಾಳಿ ಬರ್ತಿದೆ!"

"ಎಲ್ಲಿ? ರಿಬ್ಬನ್..."

"ನೀರು ನೋಡಿ!"

ಅವಳು ಕಂಬಿ ದಾಟಿ ಈಚೆ ಕಾಲಿಡುವಷ್ಟರಲ್ಲಿ ರಿಬ್ಬನ್ ತಲೆ ಎತ್ತಿತು. ಮರುಗಳಿಗೆ ಅದು ಸೇತುವೆಯ ಕಡೆಗೆ ಪಟಪಟ ಬಡಿದುಕೊಂಡಿತು. ಅಷ್ಟು ಹೊತ್ತಿಗೆ ಅವಳು ಗಾಳಿಯಲ್ಲಿದ್ದಿದ್ದರೆ, ಕೆಳಗಿನ ಉಕ್ಕಿನ ಕಮಾನಿಗೆ ಬಡಿಯುತ್ತಿದ್ದಳು.

ವರ್ಲ್ ಕಾಲುದಾರಿಯ ಮೇಲೆ ಹಾಗೇ ಕುಸಿದು ಕೂತ. ಮರಿ ಪ್ಯಾರಾಚೂಟ್ ಇನ್ನೂ ಅವನ ಕೈಯಲ್ಲಿತ್ತು. ಸಾವಿನ ಭಯವಿಲ್ಲದ ಮನುಷ್ಯ ಹೀಗೆ ಹೆದರಿದ್ದನ್ನು ಅವಳು ನೋಡಿರಲಿಲ್ಲ, ನೋಡಿ ಅವಳಿಗೆ ಅಳು ಬಂತು.

"ನನಗೆ ಕಾಣ್ಲಿಲ್ಲ ಕಣಮ್ಮ" ಎಂದ. "ಪರೀಕ್ಷೆ ಗಿರೀಕ್ಷೆ ಏನೂ ಅಲ್ಲ. ನಿಜವಾಗ್ಲೂ ಕಾಣ್ಲಿಲ್ಲ."

"ಕನ್ನಡಕ ಹಾಕ್ಕೊಳ್ಳಿ ಅಂತ ನಿಮ್ಮ ಹೆಂಡ್ತಿ ಬಡ್ಕೊಳ್ತಾನೇ ಇದ್ದಾರೆ."

"ಅವಳಿಗೆ ಹೇಳ್ಬೇಡ."

"ಹೇಳೇ ಹೇಳ್ತೀನಿ."

ಐಸ್‌ಕ್ರೀಮ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು. ಬಾಗಿಲು ತೆರೆದಾಗ ಮಾರ್ಲಿ ದುಡ್ಡು ತೆಗೆಯಹೋದಳು. ವರ್ಲ್ ಅವಳ ಕೈ ಸರಿಸಿದ.

"ದಂಡ ನಂದು. ಇಷ್ಟು ವರ್ಷದಲ್ಲಿ ಶಿಷ್ಯರೊಬ್ರು ನನಗೆ ಬೇಡ ಅಂದಿದ್ದು ಇದೇ ಮೊದಲು."

ದೊಡ್ಡ ಕೋನೇ ಕೊಡಿಸಿದ. ತಾನೂ ಒಂದು ತೆಗೆದುಕೊಂಡ. ನೇರಳೆ ಬಣ್ಣ ಮೀಸೆಗೆ ಹತ್ತಿತು, ಒರೆಸಿಕೊಳ್ಳಲಿಲ್ಲ. ಕೋನು ಮುಗಿಯುತ್ತಾ ಬಂದಾಗ, ಬಸ್ಸಿಗೆ ಕಾಯುವ ಶಾಲೆಯ ಹುಡುಗನ ದನಿಯಲ್ಲಿ ಕೇಳಿದ:

"ಹಾಗಾದ್ರೆ ಯಾವಾಗ?"

ಮಾರ್ಲಿ ಕೋನಿನ ತುದಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ನಾಳೆ" ಎಂದಳು.