ಒಡವೆ ಪೆಟ್ಟಿಗೆಯೊಳಗಿನ ಕಿವಿ

ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ದಿನವಿಡೀ ಹೊಗೆಸೊಪ್ಪು ಕಟ್ಟಿ ಮನೆಗೆ ಬಂದ ಉಷಾರಾಣಿಗೆ ಮೊದಲು ಕಂಡಿದ್ದು ಮಗಳ ಬರಿಗಿವಿ. ಪಿತ್ತ ನೆತ್ತಿಗೇರಿತು. ಕೈಗೆ ಮೆತ್ತಿದ್ದ ಸೊಪ್ಪಿನ ಅಂಟು ತೊಳೆಯುವಷ್ಟೂ ತಾಳ್ಮೆ ಇರಲಿಲ್ಲ, ಹಾಗೇ ಅತ್ತೆಯ ಕೋಣೆಗೆ ನುಗ್ಗಿ ಬೀರು ತೆಗೆದಳು. ಒಡವೆ ಪೆಟ್ಟಿಗೆಯಲ್ಲಿ, ಅತ್ತೆಯ ಮುತ್ತಿನೋಲೆಯ ಪಕ್ಕದಲ್ಲಿ, ಕೆಂಪು ರೇಷ್ಮೆ ಚೂರಿನಲ್ಲಿ ಸುತ್ತಿಕೊಂಡು ಮಗಳು ಅನುಶ್ರೀಯ ಕಿವಿ ಕೇಳಿಸುವ ಮಿಷನ್ನುಗಳು ಬೆಚ್ಚಗೆ ಮಲಗಿದ್ದವು. ಬಟ್ಟೆಯ ಮೇಲೊಂದು ವಿಭೂತಿ ಗೆರೆ ಬೇರೆ.

ಕದ್ದು ಬಚ್ಚಿಟ್ಟಿದ್ದರೆ ಜಗಳ ಸಲೀಸಾಗಿರುತ್ತಿತ್ತು. ಅತ್ತೆ ಸುಂದ್ರಮ್ಮ ಕದ್ದಿರಲಿಲ್ಲ, ಜೋಪಾನ ಮಾಡಿದ್ದಳು. ಕಂಪಲಾಪುರದ ಆ ಮನೆಯಲ್ಲಿ ಬೆಲೆಬಾಳುವ ಯಾವುದನ್ನೂ ದಿನಾ ಬಳಸಿದ್ದಿಲ್ಲ. ಸೋಫಾದ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲ, ಗಾಜಿನ ಲೋಟಗಳು ನೀರು ಕಂಡಿಲ್ಲ. ಮಗು ಮಣ್ಣಲ್ಲಿ ಹೊರಳುತ್ತದೆ, ಹಸು ನೆಕ್ಕುತ್ತದೆ, ಬೆವರು ಇಳಿದು ಮಿಷನ್ನು ಕೆಟ್ಟರೆ ಏನು ಗತಿ ಅನ್ನುವುದು ಸುಂದ್ರಮ್ಮನ ವಾದ. ಸೊಸೆ ಬೆಳಿಗ್ಗೆ ತೊಡಿಸಿ ಬೆನ್ನು ತಿರುಗಿಸಿದಳೋ ಇಲ್ಲವೋ, ಅವಳು ಬಿಚ್ಚಿ ಒಳಗಿಡುತ್ತಿದ್ದಳು. ನೆಂಟರ ಮನೆಗೆ ಹೊರಟಾಗ ಮಾತ್ರ ಮಗುವಿಗೆ ಜಡೆ ಹಾಕಿ, ಕಾಡಿಗೆ ಹಚ್ಚಿ, ಕೊನೆಗೆ ಅದನ್ನೂ ತೊಡಿಸುವಳು. ಹೀಗಾಗಿ ಆ ಮಿಷನ್ನು ಚುಂಚನಕಟ್ಟೆಯ ಮದುವೆ ಕಂಡಿತ್ತು, ಗಾವಡಗೆರೆಯ ನಾಮಕರಣ ಕಂಡಿತ್ತು. ಮದುವೆ ಮನೆಯಲ್ಲಿ ಓಲಗದ ಅಬ್ಬರಕ್ಕೆ ಮಗು ಚೀರಿ ಅದನ್ನು ಕಿತ್ತೆಸೆದಿತ್ತು. ಮನೆಯೊಳಗಿನ ಒಂದು ಮೆತ್ತನೆ ಮಾತು ಮಾತ್ರ ಆ ಕಿವಿಗೆ ನೆಟ್ಟಗೆ ಬಿದ್ದಿರಲಿಲ್ಲ.

ಮಿಷನ್ನು ಕೊಟ್ಟ ಮೈಸೂರಿನ ಆಸ್ಪತ್ರೆಯ ಮೇಡಮ್ಮು ಹೇಳುವುದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದರು. ಎದ್ದಾಗಿನಿಂದ ಮಲಗುವ ತನಕ ಅದು ಕಿವಿಯಲ್ಲೇ ಇರಬೇಕು. ಮಿಷನ್ನು ಸದ್ದು ತರುತ್ತದೆ, ಮಾತು ನೀವೇ ಕೊಡಬೇಕು. ಅಕ್ಕಿ ತೊಳೆಯುವಾಗ ಅಕ್ಕಿ ಅನ್ನಿ, ನೀರು ಹೊಯ್ಯುವಾಗ ನೀರು ಅನ್ನಿ, ಹತ್ತಿರ ಕೂತು ಮುಖ ನೋಡಿ ಮಾತಾಡಿ. ಈಗ ಮಾತು ಕಿವಿಗೆ ಬೀಳದೆ ಹೋದರೆ ಆಮೇಲೆ ಕಲಿಸುವುದು ಬಹಳ ಕಷ್ಟ ಅಂದಿದ್ದರು. ಎರಡು ತುಂಬಿದ ಅನುಶ್ರೀ ಇನ್ನೂ ಒಂದು ಮಾತೂ ಆಡಿರಲಿಲ್ಲ. ಮಾತು ಕಲಿಯುವ ಆ ದಿನಗಳು ಕಣ್ಣೆದುರೇ ಸೋರಿ ಹೋಗುತ್ತಿವೆಯಲ್ಲ ಅಂತ ಉಷಾರಾಣಿಗೆ ಒಳಗೇ ಬೆಂಕಿ.

ಮನೆಯವರೋ, ಮಗು ಕೇಳುವ ಮೊದಲೇ ಬೇಕಾದ್ದನ್ನು ಕೈಗಿಟ್ಟು ಸುಮ್ಮನಾಗುತ್ತಿದ್ದರು. ಕರೆಯಬೇಕಾದರೆ ಬೆರಳು ಮಡಚಿ ಕೈ ಆಡಿಸುವರು, ಅಷ್ಟೇ. ಉಷಾರಾಣಿ ಮಗುವಿನ ಮುಂದೆ ಕೂತು ಮಾತಾಡಿದರೆ ಗಂಡ ಕಾಂತರಾಜ್, ಒಬ್ಬಳೇ ವಟಗುಟ್ಟಬೇಡ, ನೋಡಿದವರು ನಗುತ್ತಾರೆ ಅನ್ನುತ್ತಿದ್ದ. ನಗುವವರ ಹಲ್ಲು ಉದುರಲಿ!

ಮಿಷನ್ನುಗಳನ್ನು ಮಗಳಿಗೆ ತೊಡಿಸಿ, ಅತ್ತೆಯನ್ನು ಹುಡುಕಿಕೊಂಡು ಕೊಟ್ಟಿಗೆಗೆ ಹೋದಳು. ಸುಂದ್ರಮ್ಮ ಕೆಂದಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಬಾಯಿಗೆ ಬಿಡುವೇ ಇಲ್ಲ. ಬಾ ನನ್ನವ್ವ, ಕಾಲು ಇತ್ಲಾಗಿಡು, ಯಾಕವ್ವ ಇವತ್ತು ಮೊಕ ಊದುಸ್ಕೊಂಡಿದ್ದೀ, ಹುಲ್ಲು ಸಾಲ್ದಾ ಅಂತ ಒಂದೇ ಸಮನೆ ಉಪಚಾರ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಷಾರಾಣಿಯ ಮೈಯೆಲ್ಲ ಉರಿದುಹೋಯಿತು.

"ಅತ್ತೆ, ಆ ಅಸ ನಿಮ್ಗೆ ತಿರುಗಿ ಮಾತಾಡ್ತದಾ?"

"ಆಡ್ದಿದ್ರೇನು, ಅದ್ಕೂ ಎಲ್ಲ ತಿಳೀತದೆ ಕಣವ್ವ."

"ಅಸೀಗೆ ತಿಳೀತದೆ. ನನ್ನ ಮಗೀಗೆ ಮಾತ್ರ ತಿಳಿಯಲ್ಲ ಅಂತ ಯಾರು ಯೋಳಿದ್ರು ನಿಮ್ಗೆ? ಕೊಟ್ಟಿಗೇಲಿ ಇಷ್ಟೊಂದು ಮಾತೈತಲ್ಲ, ಅದ್ರಲ್ಲಿ ಒಂದನ್ನ ಒಳೀಕೆ ತರಕ್ಕಾಗಲ್ವಾ?"

ಸುಂದ್ರಮ್ಮ ಕೆಚ್ಚಲಿಗೆ ಕೈ ಹಾಕಿದಳು. ಹಾಲು ಚೊರ್ ಚೊರ್ ಅಂತ ತಂಬಿಗೆಗೆ ಬಿತ್ತು.

ಅವತ್ತಿನಿಂದ ಉಷಾರಾಣಿ ಬೀರುವಿನ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೊಸೆಗೆ ಗಂಡಸಿನ ಜೋರು ಬಂತು ಅಂತ ಅತ್ತೆ ಬೀದಿಗೆಲ್ಲ ಸಾರಿದಳು. ಸಾರಲಿ. ಹಾಲು ಕರೆಯುವ ಹೊತ್ತಿಗೆ ಉಷಾರಾಣಿ ಮಗಳನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು, ಅತ್ತೆಗೂ ಹಸುವಿಗೂ ನಡುವೆ. ಸುಂದ್ರಮ್ಮ ಹಟಮಾರಿ. ಮೊಮ್ಮಗಳತ್ತ ತಿರುಗಿಯೂ ನೋಡದೆ ಹಸುವಿನ ಜೊತೆಗೇ ಮಾತಾಡಿದಳು. ಹಾಗಾದರೂ ಆಡಲಿ, ನಾಲ್ಕು ಮಾತು ಮಗುವಿನ ಕಿವಿಯ ಮೇಲೂ ಬೀಳಲಿ ಅಂತ ಉಷಾರಾಣಿ ಹಲ್ಲು ಕಚ್ಚಿಕೊಂಡಳು. ಮಿಕ್ಕ ಹೊತ್ತೆಲ್ಲ ತಾನೇ ಗಂಟಲು ಒಣಗುವಷ್ಟು ಮಾತಾಡಿದಳು. ಹೊಗೆಸೊಪ್ಪಿನ ಕೆಲಸ ಮುಗಿಯುತ್ತ ಬಂದರೂ ಮಗು ತುಟಿ ಬಿಚ್ಚಲಿಲ್ಲ.

ಒಂದು ಸಂಜೆ ಮೇದು ಬಂದ ಕೆಂದಿ ಅಂಗಳದಲ್ಲೇ ನಿಂತುಬಿಟ್ಟಿತು. ಕಾಂತರಾಜ್ ಹಗ್ಗ ಎಳೆದರೂ ಕದಲಲಿಲ್ಲ. ಕೊಟ್ಟಿಗೆ ಬಾಗಿಲಲ್ಲಿದ್ದ ಅನುಶ್ರೀ ಮಣೆ ಬಿಟ್ಟು ಎದ್ದಳು. ಹಸುವಿನ ಮುಖವನ್ನೇ ನೋಡುತ್ತ, ಥೇಟ್ ಅಜ್ಜಿಯ ರಾಗದಲ್ಲಿ, "ಬಾ... ಅವ್ವ," ಅಂದಳು.

ಕಾಂತರಾಜನ ಕೈಯಿಂದ ಹಗ್ಗ ಜಾರಿತು. ಉಷಾರಾಣಿಗೆ ಖುಷಿಯಾಯಿತು, ಎದೆ ಬಿರಿಯುವಷ್ಟು ಆಯಿತು. ಅದರ ಹಿಂದೆಯೇ ಸಿಟ್ಟೂ ಉಕ್ಕಿ ಬಂತು. ಈ ಮನೆಯಲ್ಲಿ ಮಾತು ಅನ್ನುವುದು ಹಸುವಿಗೆ ಆಡುವಂಥದ್ದು ಅಂತ ತನ್ನ ಮಗಳು ಕಲಿತಿದ್ದಾಳೆ ಅಂತ ಅವಳಿಗೆ ಹೊಳೆದಿತ್ತು.

ಸುಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಓಡಿಬಂದಳು. ನಾಲ್ಕು ಹೆಜ್ಜೆ ಆಚೆ ಕುಕ್ಕರುಗಾಲಲ್ಲಿ ಕೂತು ತೋಳು ಚಾಚಿದಳು. "ನನ್ನೂ ಕರಿ ನನ್ನವ್ವ. ನಿನ್ನ ಅಜ್ಜೀನೂ ಒಂದು ಕಿತ ಕರಿ."

ಅನುಶ್ರೀ ಅಜ್ಜಿಯನ್ನು ನೋಡಿ ನಕ್ಕಳು. ಬಾಯಿ ಮುಚ್ಚಿಕೊಂಡೇ, ಪುಟ್ಟ ಬೆರಳು ಮಡಚಿ, ಬಾ ಅಂತ ಕೈ ಆಡಿಸಿದಳು.

ಸುಂದ್ರಮ್ಮನ ತೋಳು ಹಾಗೇ ಕೆಳಗಿಳಿಯಿತು. ಅವಳು ಸೊಸೆಯ ಮುಖ ನೋಡಿದಳು. ಉಷಾರಾಣಿ ಮಣೆಯನ್ನು ತಂದು ಅತ್ತೆಯ ಮುಂದೆ ಹಾಕಿ, ಮಗಳನ್ನು ಅದರ ಮೇಲೆ ಕೂರಿಸಿದಳು.

"ಅಜ್ಜಿ," ಅಂದಳು ಸುಂದ್ರಮ್ಮ. ಇನ್ನೂ ಹತ್ತಿರ ಸರಿದು, ಮಗುವಿನ ಮುಖವನ್ನೇ ನೋಡುತ್ತ ಮತ್ತೆ ಹೇಳಿದಳು. "ನಾನು ಅಜ್ಜಿ ಕಣವ್ವ."