ನಿಬ್ಬು ಮುರಿದ ಪೆನ್ನು

ಓಂಕಾರಪ್ಪನವರ ಮನೆಗೆ ಹೋದವರು ಹೇಗೋ ಕಾಫಿ ತಪ್ಪಿಸಿಕೊಳ್ಳಬಹುದಿತ್ತು, ಪೆನ್ನಿನ ಕಥೆ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನೂ ಕೇಳಿದ್ದಾನೆ, ಹೆಣ್ಣು ನೋಡಲು ಬಂದ ಬೀಗರೂ ಕೇಳಿದ್ದಾರೆ. ನವುಲೆಯ ಆ ಮನೆಯ ಷೋಕೇಸಿನಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ, ಹತ್ತಿಯ ಮೇಲೆ ಆ ಪೆನ್ನು ಮಲಗಿರುತ್ತಿತ್ತು.

ಓಂಕಾರಪ್ಪ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವರು. ಇಪ್ಪತ್ತೇಳು ವರ್ಷದ ಹಿಂದೆ ಜಡ್ಜ್ ಸಾಹೇಬರು ಒಬ್ಬನಿಗೆ ಗಲ್ಲು ವಿಧಿಸಿ ಸಹಿ ಹಾಕಿದರು. ಸಾವು ಬರೆದ ಪೆನ್ನು ಮತ್ತೇನನ್ನೂ ಬರೆಯಬಾರದೆಂಬುದು ಹಳೆಯ ವಾಡಿಕೆ, ಅದರಂತೆ ನಿಬ್ಬನ್ನು ಮೇಜಿಗೆ ಒತ್ತಿ ಮುರಿದರು. ಅವರು ಎದ್ದು ಹೋದ ಮೇಲೆ ಪೆನ್ನು ಓಂಕಾರಪ್ಪನವರ ಜೇಬು ಸೇರಿತು.

"ಟಕ್ ಅಂತು ನೋಡಿ. ಸೂಜಿ ಬಿದ್ರೂ ಕೇಳ್ಬೇಕು, ಹಂಗಿತ್ತು ಕೋರ್ಟು. ಅವನ ಕಥೆ ಅಲ್ಲಿಗೆ ಮುಗೀತು."

'ಟಕ್' ಎನ್ನುವಾಗ ಟೀಪಾಯಿಗೆ ಬೆರಳಿನಿಂದ ಒಂದು ಪೆಟ್ಟು. ಆ ಪೆಟ್ಟು ಕೇಳಿದ ಕೂಡಲೇ ಹೆಂಡತಿ ದಾಕ್ಷಾಯಣಮ್ಮ ಅಡುಗೆಮನೆಯಿಂದ ಕಾಫಿ ತರುತ್ತಿದ್ದರು. ಕಥೆ ಮುಗಿದಿದೆ ಎಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಮೊಮ್ಮಗಳು ತನುಜಾ ಕಾನೂನು ಓದುತ್ತಿದ್ದಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ, ಗಲ್ಲು ಶಿಕ್ಷೆ ರದ್ದಾಗಬೇಕೇ ಬೇಡವೇ ಎಂದು. ಚೀಟಿ ಎತ್ತಿದಾಗ ಅವಳಿಗೆ 'ರದ್ದು ಬೇಡ' ಬಂತು. ಪೆನ್ನು ಹಿಡಿದು ವೇದಿಕೆ ಹತ್ತು ಎಂದು ಓಂಕಾರಪ್ಪ ಹಿಗ್ಗಿ ಹೀರೇಕಾಯಿಯಾದರು.

"ಅವನ ಹೆಸರೇನಜ್ಜ?"

"ಏನೋ ಒಂದಿತ್ತು ಮಾರಾಯ್ತಿ."

"ಯಾವಾಗ ಗಲ್ಲಿಗೆ ಹಾಕಿದ್ರು?"

"ಹಾಕಿರ್ತಾರೆ ಬಿಡೆ. ಆ ವಾರಾನೇ ನಂಗೆ ಸಾಗರಕ್ಕೆ ವರ್ಗ ಆಯ್ತು."

ತನುಜಾ ಬಿಡುವವಳಲ್ಲ. ಆ ಕೇಸು ನಡೆಸಿದ ವಕೀಲರನ್ನು ಹುಡುಕಿ ಫೋನ್ ಮಾಡಿದಳು. ಆ ಮನುಷ್ಯ ಸುಬ್ಬಪ್ಪನೆಂದೂ, ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತೆಂದೂ, ಹದಿನೆಂಟು ವರ್ಷ ಒಳಗಿದ್ದು ಹೊರಬಂದು ಈಗ ಭದ್ರಾವತಿಯ ಹಳೇನಗರದಲ್ಲಿ ನರ್ಸರಿ ಇಟ್ಟಿದ್ದಾನೆಂದೂ ಗೊತ್ತಾಯಿತು.

ಸತ್ತವನು ಬದುಕಿದ್ದಾನೆ ಎಂದರೆ ಯಾರಿಗಾದರೂ ಸಮಾಧಾನವಾಗಬೇಕು. ಓಂಕಾರಪ್ಪನವರಿಗೆ ಸಿಟ್ಟು ಬಂತು. ಅಲ್ಲ, ಇಪ್ಪತ್ತೇಳು ವರ್ಷ ಬಂದವರೆದುರೆಲ್ಲ ಸಾಯಿಸುತ್ತ ಬಂದವನು ಹೀಗೆ ಹೇಳದೆ ಕೇಳದೆ ಬದುಕಿಬಿಟ್ಟರೆ ಕಥೆಯ ಗತಿಯೇನು? ಎರಡು ದಿನ ಊಟ ರುಚಿಸಲಿಲ್ಲ.

"ರೀ, ಹೋಗಿ ನೋಡ್ಕೊಂಡಾದ್ರೂ ಬನ್ನಿ," ಎಂದರು ದಾಕ್ಷಾಯಣಮ್ಮ. "ನಾನೂ ಎಷ್ಟು ವರ್ಷ ಅಂತ ಆ ಡಬ್ಬಿ ಧೂಳು ಹೊಡೀಲಿ."

ಭಾನುವಾರ ಅಜ್ಜ ಮೊಮ್ಮಗಳು ಭದ್ರಾವತಿ ಬಸ್ ಹತ್ತಿದರು. ಪೆನ್ನು ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಓಂಕಾರಪ್ಪನವರದು ಒಂದೇ ಮಾತು.

"ಇಬ್ಬರನ್ನ ಕಡಿದೋನು ಕಣೆ ಅವನು. ಅವರ ಹೆಂಡ್ತಿ ಮಕ್ಕಳು ಏನಾದ್ರು ಅಂತ ಯಾರಾದ್ರೂ ಕೇಳಿದ್ರಾ?"

"ಅದೇ ನನ್ನ ಮೊದಲ್ನೇ ಪಾಯಿಂಟು ಅಜ್ಜ," ಎಂದು ತನುಜಾ ಬರೆದುಕೊಂಡಳು.

ನರ್ಸರಿಯಲ್ಲಿ ಒಬ್ಬ ಸಣಕಲು ಮುದುಕ ಪ್ಲಾಸ್ಟಿಕ್ ಕವರುಗಳಿಗೆ ಗೊಬ್ಬರದ ಮಣ್ಣು ತುಂಬುತ್ತ ಕೂತಿದ್ದ. ಇವನೇನಾ ಎನ್ನಿಸಿತು. ಓಂಕಾರಪ್ಪನವರ ಕಥೆಯಲ್ಲಿ ಅವನಿಗೆ ಹುರಿಮೀಸೆಯಿತ್ತು. ತನುಜಾ ಪರಿಚಯ ಹೇಳಿ, ಅಜ್ಜ ಆ ದಿನ ಕೋರ್ಟಿನಲ್ಲಿದ್ದರು ಎಂದಳು. ಸುಬ್ಬಪ್ಪ ಎದ್ದು ನಿಂತು, ಕೈಯನ್ನು ಲುಂಗಿಗೆ ಒರೆಸಿಕೊಂಡು, ಅವರ ಮುಖವನ್ನೇ ನೋಡಿದ.

"ನೀರು ಕೊಟ್ಟೋರಲ್ವಾ ನೀವು?"

"ಯಾವ ನೀರು?"

"ತೀರ್ಪು ಓದಿದ್ಮೇಲೆ ನಂಗೆ ಗಂಟಲು ಒಣಗಿಹೋಗಿತ್ತು ಸ್ವಾಮಿ. ಯಾರೂ ನನ್ನ ಕಡೆ ನೋಡ್ಲಿಲ್ಲ. ನೀವು ನಿಮ್ಮ ಮೇಜಿನ ಮೇಲಿದ್ದ ಲೋಟ ತಂದ್ರಿ. ನನ್ನ ಕೈ ನಡುಗ್ತಿತ್ತು ಅಂತ ನೀವೇ ಹಿಡ್ಕೊಂಡ್ರಿ. 'ಕುಡಿಯಪ್ಪಾ' ಅಂದ್ರಿ."

ಓಂಕಾರಪ್ಪ ತಲೆಯೆಲ್ಲ ತಡಕಾಡಿದರು. ಜಡ್ಜರ ಕನ್ನಡಕ ಸಿಕ್ಕಿತು, ಮೇಜಿನ ಹಸಿರು ಬಟ್ಟೆ ಸಿಕ್ಕಿತು. ಲೋಟ ಸಿಗಲಿಲ್ಲ.

"ನಿಬ್ಬು ಮುರಿದ ಸದ್ದು ಕೇಳಿಸ್ಲಿಲ್ವಾ ನಿಂಗೆ?"

"ಯಾವ ನಿಬ್ಬು ಸ್ವಾಮಿ?"

ಪೆನ್ನಿಗೆಂದು ಜೇಬಿನವರೆಗೆ ಹೋಗಿದ್ದ ಓಂಕಾರಪ್ಪನವರ ಕೈ ಹಾಗೇ ಕೆಳಗೆ ಬಂತು. ಅಷ್ಟರಲ್ಲಿ ತನುಜಾ ತನ್ನ ಪ್ರಶ್ನೆ ಕೇಳಿಯೇಬಿಟ್ಟಳು. ನಿಮ್ಮಂಥವರಿಗೆ ಗಲ್ಲು ಆಗಬೇಕೋ ಬೇಡವೋ?

"ಮಾಡಿದ್ದು ನಾನೇ ಕಣವ್ವ," ಎಂದ ಸುಬ್ಬಪ್ಪ. "ನಂಗೇನು ಆಗ್ಬೇಕಿತ್ತು ಅಂತ ನಾನು ಹೇಳಿದ್ರೆ ಚೆನ್ನಾಗಿರಲ್ಲ. ಒಳಗಿದ್ದಾಗ ದಿನಾ ಆ ಇಬ್ಬರೂ ಕಣ್ಮುಂದೆ ಬರೋರು, ಈಗ್ಲೂ ಬರ್ತಾರೆ. ಅದರ ಜೊತೆಗೆ ಆ ಲೋಟಾನೂ ನೆನಪಾಗ್ತಿತ್ತು. ಅದಿಲ್ದಿದ್ರೆ ನಾನೇ ಹಗ್ಗ ಹುಡುಕ್ಕೊಂತಿದ್ದೆ."

ಹೊರಡುವಾಗ ಒಂದು ದುಂಡುಮಲ್ಲಿಗೆ ಗಿಡ ಕೊಟ್ಟ. ದಿನಾ ನೀರು ಹಾಕಿ ಎಂದ.

ಬಸ್ಸಿನಲ್ಲಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಓಂಕಾರಪ್ಪನವರಿಗೆ ನಾಚಿಕೆಯಾಯಿತು. ನೌಕರಿಯಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಪೂರ್ತಿ ಮರೆತು, ಇನ್ನೊಬ್ಬರು ಮುರಿದ ನಿಬ್ಬನ್ನು ಇಷ್ಟು ವರ್ಷ ಮೆರೆಸಿದ್ದೆನಲ್ಲ ಎನ್ನಿಸಿತು.

"ಚೀಟಿ ಬದಲಾಯಿಸಿ ಅಂದ್ರೆ ಕೊಡ್ತಾರಾ ಅಜ್ಜ?" ಎಂದಳು ತನುಜಾ.

"ಕೇಳಿ ನೋಡು," ಎಂದರು ಓಂಕಾರಪ್ಪ. ಗಲ್ಲು ಬೇಡವೆನ್ನುವ ಕಡೆಗೆ ಅವರು ಮಾತಾಡಿದ್ದು ಅದೇ ಮೊದಲು.

ಮುಂದಿನ ವಾರ ಇನ್ವರ್ಟರ್ ರಿಪೇರಿಗೆ ಒಬ್ಬ ಬಂದ. ಬಿಸಿಲಲ್ಲಿ ಬೆವರಿಕೊಂಡು ಬಂದಿದ್ದ. ಅಡುಗೆಮನೆಯಲ್ಲಿ ದಾಕ್ಷಾಯಣಮ್ಮ ಕಾಫಿ ಸೋಸಿಕೊಂಡು ಕಾದರು. ಟೀಪಾಯಿಯ ಪೆಟ್ಟು ಕೇಳಿಸಲೇ ಇಲ್ಲ. ಕಾಫಿ ಆರುತ್ತಿದೆಯೆಂದು ಹೊರಗೆ ಬಂದು ನೋಡಿದರೆ, ಗಂಡ ನೀರಿನ ಲೋಟ ಹಿಡಿದು ಆ ಮನುಷ್ಯನ ಎದುರು ನಿಂತಿದ್ದರು.

"ಕುಡಿಯಪ್ಪಾ," ಎಂದರು ಓಂಕಾರಪ್ಪ. ಅವನು ಕುಡಿದು ಮುಗಿಸುವವರೆಗೂ ಅವನ ಗಂಟಲನ್ನೇ ನೋಡುತ್ತ, ಈಗಲಾದರೂ ಕೋರ್ಟಿನ ಆ ಲೋಟ ನೆನಪಾದೀತೇನೋ ಎಂದು ಕಾದರು. ಆಗಲಿಲ್ಲ. ಲೋಟ ಇಸಿದುಕೊಂಡು, ಇನ್ನೊಂದು ತರಲು ಒಳಗೆ ಹೋದರು.