ಕಲ್ಯಾಣಿಯ ಮೂರನೇ ಪರೀಕ್ಷೆ

ಕಲ್ಯಾಣಿ ಇಟ್ಟಮಡುವಿನ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗದಿದ್ದರೆ ಜೂನ್‌ನಿಂದ ಕೆಲಸವಿಲ್ಲ ಎಂದು ಹೆಡ್‌ಮಿಸ್ ವಿಮಲಾ ಹೇಳಿದ್ದರು. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದಳು.

ಓದಲು ಕೂತರೆ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳಿಸುತ್ತಿತ್ತು. ಮನೆಯಲ್ಲಿ ಕೊತ್ತಂಬರಿ ಇದೆಯೋ ಎಂದು ನೋಡಲು ಅಡುಗೆಮನೆಗೆ ಹೋದವಳು ಅಲ್ಲಿದ್ದ ಲೋಟ ತೊಳೆಯುತ್ತ ನಿಂತುಬಿಡುತ್ತಿದ್ದಳು. ಮತ್ತೆ ಬಂದು ಕೂತರೆ ಅದೇ ಪ್ಯಾರಾ ಹೊಸದಾಗಿ ಕಾಣುತ್ತಿತ್ತು. ಜಯನಗರದ ಡಾಕ್ಟರೊಬ್ಬರು ಇದು ಗಮನದ ತೊಂದರೆ, ಚಿಕ್ಕಂದಿನಿಂದಲೇ ಇದ್ದಿರಬೇಕು ಎಂದಿದ್ದರು.

ಅಪ್ಪ ಪಿಳ್ಳಣ್ಣ ಅದನ್ನು ಒಪ್ಪಲಿಲ್ಲ. ಜೀವಮಾನವೆಲ್ಲ ಸಿಟಿ ಬಸ್ ಓಡಿಸಿದ ಮನುಷ್ಯ.

“ಗಮನ ಇಲ್ದೆ ನಾನು ಬಸ್ ಓಡಿಸಿದ್ರೆ ಏನಾಗೋದು? ಮನಸ್ಸು ಮಾಡ್ಬೇಕು, ಅಷ್ಟೆ. ಮಾತ್ರೆಗೀತ್ರೆ ಏನೂ ಬೇಡ.”

ಒಂದು ಭಾನುವಾರ ಮೊಬೈಲ್ ಕಿತ್ತುಕೊಂಡು, ಅವಳನ್ನು ರೂಮಿನಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು. ಮಧ್ಯಾಹ್ನ ಊಟಕ್ಕೆ ಕರೆಯಲು ಬಾಗಿಲು ತೆಗೆದಾಗ ಪುಸ್ತಕ ಅದೇ ಪುಟದಲ್ಲಿತ್ತು. ಕಲ್ಯಾಣಿ ಬೆರಳ ತುದಿಯ ಚರ್ಮವನ್ನು ರಕ್ತ ಬರುವ ತನಕ ಕಿತ್ತುಕೊಂಡಿದ್ದಳು. ಪಿಳ್ಳಣ್ಣ ತಟ್ಟೆಯ ಮುಂದೆ ಹೋಗಿ ಕೂತರು.

ಮಾರನೆಯ ದಿನದಿಂದ ಅಮ್ಮ ಸಪ್ಪಲಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಮಗಳ ಪಕ್ಕ ಬಂದು ಕೂತಳು.

“ನಾನೇನೂ ಮಾತಾಡಲ್ಲ. ನೀನು ಓದ್ಕೊ.”

ಅಮ್ಮ ಕಾಳು ಹಿದುಕುತ್ತಿದ್ದಳು, ಮಗಳು ಓದುತ್ತಿದ್ದಳು. ಯಾಕೋ ಏನೋ, ಪಕ್ಕದಲ್ಲಿ ಒಂದು ಜೀವ ಇದ್ದರೆ ಮನಸ್ಸು ಅಷ್ಟು ದೂರ ಓಡುತ್ತಿರಲಿಲ್ಲ. ಓಡಿದರೂ ತಿರುಗಿ ಬರುತ್ತಿತ್ತು. ಹಾಗೆ ಕೂತೂ ಕೂತೂ ಅರ್ಧಕ್ಕಿಂತ ಹೆಚ್ಚು ಓದಿ ಮುಗಿಸಿದಳು. ಈ ಸಲ ಪಾಸಾಗಬಹುದು ಎಂದು ಅವಳಿಗೇ ಅನ್ನಿಸತೊಡಗಿತ್ತು.

ಪರೀಕ್ಷೆಯ ಹಾಲಿನಲ್ಲಿ ತಲೆಯ ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು. ಕಷ್ಟದ ಪ್ರಶ್ನೆಯೊಂದನ್ನು ಆಮೇಲೆ ನೋಡೋಣವೆಂದು ಬಿಟ್ಟು ಮುಂದೆ ಹೋದಳು. ಆದರೆ ಉತ್ತರದ ಹಾಳೆಯಲ್ಲಿ ಅದರ ಜಾಗ ಖಾಲಿ ಬಿಡುವುದನ್ನು ಮರೆತಳು. ಅಲ್ಲಿಂದಾಚೆಗಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಬಿದ್ದವು. ಗೊತ್ತಾದಾಗ ಮುಗಿಯುವ ಹೊತ್ತಾಗಿತ್ತು. ಪೆನ್ನಿನಲ್ಲಿ ತುಂಬಿದ ವೃತ್ತಗಳನ್ನು ಅಳಿಸುವಂತಿರಲಿಲ್ಲ. ಅವಳು ಕೈ ಕಟ್ಟಿಕೊಂಡು ಬೆಲ್ ಹೊಡೆಯುವವರೆಗೆ ಸುಮ್ಮನೆ ಕೂತಿದ್ದಳು.

ಗೇಟಿನ ಬಳಿ ಪಿಳ್ಳಣ್ಣ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು.

“ಹೆಂಗಾಯ್ತಮ್ಮ?”

“ಗೊತ್ತಿದ್ದಿದ್ನೇ ಕೇಳಿದ್ರು ಅಪ್ಪ. ತಪ್ಪು ಜಾಗದಲ್ಲಿ ಬರ್ದೆ.”

ಅವರು ಸ್ಕೂಟರ್ ಸ್ಟಾರ್ಟ್ ಮಾಡಿ, ಬನಶಂಕರಿ ದಾಟಿ ಅವಳನ್ನು ಮನೆಗೆ ಕರೆತಂದರು.

ಫಲಿತಾಂಶ ಬಂದ ದಿನ ತ್ಯಾಗರಾಜನಗರದಿಂದ ಅತ್ತೆ ಫೋನ್ ಮಾಡಿದರು. “ಏನ್ ಮಾಡೋದಮ್ಮ, ಇವಳಿಗೆ ಓದು ಹತ್ತಲ್ಲ” ಎಂದು ಪಿಳ್ಳಣ್ಣ ತಂಗಿಗೆ ಹೇಳುತ್ತಿದ್ದರು. ಸಪ್ಪಲಮ್ಮ ಬಂದು ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಕಟ್ ಮಾಡಿದಳು.

“ಹತ್ತಲ್ಲ ಅನ್ಬೇಡಿ. ಪಕ್ಕದಲ್ಲೇ ಕೂತು ನೋಡಿದ್ದೀನಿ ನಾನು. ಒಂದು ಪುಟಕ್ಕೆ ಅದು ಎಷ್ಟು ಒದ್ದಾಡುತ್ತೆ ಅಂತ ನಿಮಗೇನು ಗೊತ್ತು?”

ಕಲ್ಯಾಣಿ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋದಳು. ಬಟ್ಟೆ ಇನ್ನೂ ಒಣಗಿರಲಿಲ್ಲ. ಹಸಿ ಸೀರೆಯ ಮರೆಯಲ್ಲಿ ನಿಂತು ಅತ್ತಳು.

ಜೂನ್‌ನಲ್ಲಿ ಅವಳ ತರಗತಿಗೆ ಬೇರೆ ಟೀಚರ್ ಬಂದರು.